ಬಾನದಾರಿಯ ಲೆಕ್ಕಪತ್ರ

ವಿಮಾನ ಪ್ರಯಾಣದಲ್ಲಿ ಪ್ರಯಾಣಿಕರ ಕಣ್ಣಿಗೆ ಬೀಳುವ ವ್ಯವಸ್ಥೆಗಳು ಎರಡು, ವಿಮಾನ ಕಂಪನಿ ಮತ್ತು ವಿಮಾನ ನಿಲ್ದಾಣ. ವಿಮಾನವು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ಎಂಜಿನ್ ಆರಿಸುವ ತನಕ ಅದನ್ನು ಒಬ್ಬ ನಿಯಂತ್ರಕನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುತ್ತ ಹೋಗುವ ಮೂರನೆಯ ವ್ಯವಸ್ಥೆಯೊಂದು ಇದೆಯೆಂಬುದು ಅವರ ಅರಿವಿಗೆ ಬರುವುದು ಅಪರೂಪ. ವೃತ್ತಿಯಲ್ಲಿರುವವರು ಏರ್ ನ್ಯಾವಿಗೇಷನ್ ಸರ್ವೀಸಸ್ ಎಂದು ಕರೆಯುವ ಈ ವಾಯು ಸಂಚಾರ ಸೇವೆಯಲ್ಲಿ, ವಿಮಾನಗಳ ನಡುವಿನ ಅಂತರವನ್ನು ಕಾಯುವ ಸಂಚಾರ ನಿಯಂತ್ರಣ, ರೇಡಿಯೊ ಸಂಪರ್ಕ, ರಾಡಾರ್ ಕಣ್ಗಾವಲು, ದಾರಿ ತೋರುವ ಉಪಕರಣಗಳು ಮತ್ತು ಉಪಗ್ರಹಗಳು, ಹವಾಮಾನ ವರದಿ, ಮುಚ್ಚಿರುವ ರನ್‌ವೇ ಅಥವಾ ನಿರ್ಬಂಧಿಸಿದ ವಾಯುಪ್ರದೇಶದ ಕುರಿತ ಮುನ್ಸೂಚನೆ, ಇವೆಲ್ಲ ಸೇರುತ್ತವೆ. 1944ರ ಷಿಕಾಗೊ ಒಪ್ಪಂದದ 28ನೆಯ ವಿಧಿಯು ಈ ಸೌಕರ್ಯಗಳನ್ನು ತನ್ನ ಪ್ರದೇಶದಲ್ಲಿ ಒದಗಿಸುವ ಹೊಣೆಯನ್ನು ಆಯಾ ದೇಶಕ್ಕೆ ವಹಿಸಿದ್ದು, ಅದರಿಂದಾಗಿ ಬಹುತೇಕ ಎಲ್ಲ ಕಡೆಯೂ ಒಂದು ಆಕಾಶಕ್ಕೆ ಒಬ್ಬನೇ ಸೇವಾದಾರ ಎಂಬ ಪರಿಸ್ಥಿತಿ ಬೆಳೆದು ಬಂದಿದೆ.

ಪೈಪೋಟಿಯೇ ಇಲ್ಲದ ಕಡೆ ಸೇವೆ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವವರು ಯಾರು ಎಂಬುದು ಈ ಕ್ಷೇತ್ರದ ಮೂಲ ಪ್ರಶ್ನೆ. ಒಂದು ದೇಶದ ನಿಯಂತ್ರಣ ಕೇಂದ್ರದ ಕೆಲಸ ಹಿಡಿಸದಿದ್ದರೆ ವಿಮಾನ ಕಂಪನಿಯು ಬೇರೊಬ್ಬ ಸೇವಾದಾರನ ಬಳಿಗೆ ಹೋಗುವಂತಿಲ್ಲ; ಹೋಗಬೇಕೆಂದರೆ ಆ ದೇಶವನ್ನೇ ಸುತ್ತಿ ಹೋಗಬೇಕು. ಇದರ ಮೇಲೆ, ಈ ಸೇವೆಯ ಮುಖ್ಯ ಫಲವೆಂದರೆ ಏನೂ ಆಗದಿರುವುದು. ಎರಡು ವಿಮಾನಗಳು ಡಿಕ್ಕಿ ಹೊಡೆಯಲಿಲ್ಲ, ಮೂರನೆಯದು ನಿಲ್ದಾಣದ ಮೇಲೆ ಸುತ್ತು ಹಾಕುತ್ತ ಕಾಯಲಿಲ್ಲ ಎಂಬಂಥ ನಡೆಯದ ಸಂಗತಿಗಳನ್ನು ಎಣಿಸುವುದು ಹೇಗೆಂಬ ತೊಡಕಿಗೆ ಕಳೆದ ಕಾಲು ಶತಮಾನದಲ್ಲಿ ಒಂದು ಶಾಸ್ತ್ರವೇ ಹುಟ್ಟಿಕೊಂಡಿದೆ. ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, 2005ರಲ್ಲಿ ಪ್ರಕಟಿಸಿದ ಜಾಗತಿಕ ಪರಿಕಲ್ಪನೆಯ ದಾಖಲೆಯು ಸುರಕ್ಷತೆ, ಭದ್ರತೆ, ಸಾಮರ್ಥ್ಯ, ದಕ್ಷತೆ, ಪರಿಸರ, ವೆಚ್ಚ, ಮುಂಗಾಣಿಕೆ, ಎಲ್ಲರಿಗೂ ಸಮಾನ ಅವಕಾಶ ಮೊದಲಾದ 11 ನಿರೀಕ್ಷೆಗಳನ್ನು ಪಟ್ಟಿಮಾಡಿತು. ಪಟ್ಟಿ ಉದಾರವಾಗಿದೆ, ಆದರೆ ಹನ್ನೊಂದನ್ನೂ ಒಟ್ಟಿಗೆ ಅಳೆದು ಗುರಿ ಗೊತ್ತುಮಾಡಿ ನಡೆಸಿದವರು ಯಾರೂ ಇಲ್ಲ. ಅಳತೆಯನ್ನು ಕಾನೂನಿನ ಬಲದೊಂದಿಗೆ, ದಂಡ ಮತ್ತು ಬಹುಮಾನಗಳ ಸಹಿತ ಪ್ರಯೋಗಿಸಿ ನೋಡಿದ್ದು ಯೂರೋಪು. ಈ ವಿದ್ಯೆಯ ಗೆಲುವು ಮತ್ತು ಸೋಲುಗಳೆರಡನ್ನೂ ಅಲ್ಲಿಯೇ ಸ್ಪಷ್ಟವಾಗಿ ಕಾಣಬಹುದು.

ಯೂರೋಪಿನ ರಾಷ್ಟ್ರಗಳು 1960ರಲ್ಲಿ ಯೂರೋಕಂಟ್ರೋಲ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿದಾಗ ಮೇಲಿನ ಆಕಾಶವನ್ನು ಒಂದೇ ಕೈಗೆ ಒಪ್ಪಿಸುವ ಕನಸು ಇತ್ತು. ಸೇನೆ ಮತ್ತು ಸಾರ್ವಭೌಮತ್ವದ ಪ್ರಶ್ನೆಗಳು ಅಡ್ಡ ಬಂದು, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮತ್ತು ಜರ್ಮನಿಯ ವಾಯವ್ಯ ಭಾಗದ ಮೇಲಿನ ಆಕಾಶವನ್ನು ನೋಡಿಕೊಳ್ಳುವ ಮಾಸ್ಟ್ರಿಕ್ಟ್ ಕೇಂದ್ರವೊಂದನ್ನು ಬಿಟ್ಟರೆ ಆ ಕನಸು ಹೆಚ್ಚೇನೂ ಕೈಗೂಡಲಿಲ್ಲ. ಇಂದಿಗೂ ಅಲ್ಲಿ ಸುಮಾರು 37 ಸೇವಾದಾರರಿದ್ದಾರೆ. ಅಮೆರಿಕದಲ್ಲಿ ಒಬ್ಬನೇ ಸೇವಾದಾರ, ಅಲಾಸ್ಕ ಮತ್ತು ಹವಾಯಿಗಳನ್ನು ಬಿಟ್ಟು ಭೂಖಂಡದ ಅಷ್ಟೂ ಭಾಗಕ್ಕೆ ಮಾರ್ಗಮಧ್ಯದ ಕೇಂದ್ರಗಳು 20. ಈ ಚದುರಿಕೆಯ ಬೆಲೆ ಎಷ್ಟೆಂದು ಬಹಿರಂಗವಾಗಿ ಕೇಳುವ ಧೈರ್ಯ ಬಂದದ್ದು 1998ರಲ್ಲಿ, ಯೂರೋಕಂಟ್ರೋಲ್ ತನ್ನೊಳಗೇ ಒಂದು ಸ್ವತಂತ್ರ ಕಾರ್ಯಕ್ಷಮತಾ ಪರಿಶೀಲನಾ ಆಯೋಗವನ್ನು ನೇಮಿಸಿದಾಗ. ಮರುವರ್ಷವೇ ಕೊಸೊವೊ ಯುದ್ಧದಿಂದ ದಾರಿಗಳು ಮುಚ್ಚಿ ಇಡೀ ಖಂಡದಲ್ಲಿ ವಿಮಾನಗಳು ಸಾಲುಗಟ್ಟಿ ತಡವಾದವು. ಆ ಬೇಸಿಗೆಯ ಸಿಟ್ಟು ಯೂರೋಪಿಯನ್ ಆಯೋಗದ ‘ಏಕ ಯೂರೋಪಿಯನ್ ಆಕಾಶ’ ಯೋಜನೆಗೆ ಗಾಳಿ ಹಾಕಿತು. 2004ರಲ್ಲಿ ಅದರ ಮೊದಲ ಕಾನೂನುಗಳು ಬಂದವು, 2009ರ ತಿದ್ದುಪಡಿಯು ಕಾರ್ಯಕ್ಷಮತಾ ಯೋಜನೆಯನ್ನು ಸೇರಿಸಿತು, 2012ರಿಂದ ಗುರಿಗಳು ಜಾರಿಯಾದವು. ಅಳೆಯಲು ಆರಿಸಿಕೊಂಡದ್ದು ನಾಲ್ಕೇ ಕ್ಷೇತ್ರ: ಸುರಕ್ಷತೆ, ಪರಿಸರ, ಸಾಮರ್ಥ್ಯ, ವೆಚ್ಚ.

ಅರ್ಧ ನಿಮಿಷದ ಅರ್ಥ

ಸಾಮರ್ಥ್ಯಕ್ಕೆ ಇಟ್ಟ ಗುರಿ ಕೇಳಲು ತೀರ ಚಿಕ್ಕದು: 2014ರ ಹೊತ್ತಿಗೆ ಮಾರ್ಗಮಧ್ಯದ ನಿಯಂತ್ರಣದಿಂದ ಆಗುವ ವಿಳಂಬವು ಸರಾಸರಿ ಪ್ರತಿ ವಿಮಾನಕ್ಕೆ 0.5 ನಿಮಿಷ ಮೀರಬಾರದು. ಯಾವ ಪ್ರಯಾಣಿಕನೂ ಅರ್ಧ ನಿಮಿಷ ತಡವಾಗುವುದಿಲ್ಲ. 60 ವಿಮಾನಗಳಲ್ಲಿ 59 ಹೊತ್ತಿಗೆ ಸರಿಯಾಗಿ ಹಾರಿ, ಒಂದು ಮಾತ್ರ ಅರ್ಧ ಗಂಟೆ ಕಾದರೆ ಸರಾಸರಿ ಅರ್ಧ ನಿಮಿಷವಾಗುತ್ತದೆ. ಈ ಅಂಕಿ ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಕಾರ್ಯಕ್ಷಮತೆಯ ಅಳತೆಗಳ ಗುಣದೋಷಗಳೆಲ್ಲ ಇದರಲ್ಲಿ ಅಡಗಿವೆ.

ಆಕಾಶವನ್ನು ಸೆಕ್ಟರ್‌ಗಳೆಂಬ ಅದೃಶ್ಯ ಕೋಣೆಗಳಾಗಿ ವಿಂಗಡಿಸಿ, ಸಾಮಾನ್ಯವಾಗಿ ಪ್ರತಿ ಸೆಕ್ಟರ್‌ಗೆ ಇಬ್ಬರು ನಿಯಂತ್ರಕರನ್ನು ಕೂರಿಸುತ್ತಾರೆ. ಒಬ್ಬರು ಪೈಲಟ್‌ಗಳೊಂದಿಗೆ ಮಾತನಾಡಿದರೆ ಇನ್ನೊಬ್ಬರು ನೆರೆಯ ಸೆಕ್ಟರ್‌ಗಳೊಂದಿಗೆ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ. ಒಂದು ಗಂಟೆಯಲ್ಲಿ ಎಷ್ಟು ವಿಮಾನಗಳು ಆ ಕೋಣೆಯನ್ನು ಹೊಗಬಹುದೆಂಬುದು ಮನುಷ್ಯನ ಮೆದುಳು ತಡೆದುಕೊಳ್ಳುವ ಹೊರೆಯಿಂದ ನಿರ್ಧಾರವಾಗುವ ಮಿತಿ. ಆ ಮಿತಿ ಗಂಟೆಗೆ 40 ಎಂದಿಟ್ಟುಕೊಂಡರೆ, ಮರುದಿನ ಬೆಳಿಗ್ಗೆ 48 ವಿಮಾನಗಳು ಅದೇ ಗಂಟೆಯಲ್ಲಿ ಬರಲಿವೆಯೆಂದು ಹಾರಾಟ ಯೋಜನೆಗಳಿಂದ ತಿಳಿದಾಗ ಕೇಂದ್ರವು ಬ್ರಸೆಲ್ಸ್‌ನಲ್ಲಿರುವ ನೆಟ್‌ವರ್ಕ್ ನಿರ್ವಾಹಕನಿಗೆ ಹರಿವನ್ನು ತಗ್ಗಿಸುವಂತೆ ಕೋರುತ್ತದೆ. ಅಲ್ಲಿನ ಕಂಪ್ಯೂಟರ್ ಎಂಟು ವಿಮಾನಗಳನ್ನು ಮುಂದಿನ ಗಂಟೆಗೆ ತಳ್ಳಿ, ಸಾಲು ಸರಿಹೊಂದುವಂತೆ ಒಂದೊಂದಕ್ಕೂ ಹೊಸ ಹೊರಡುವ ವೇಳೆಯನ್ನು, ಅಂದರೆ ಸ್ಲಾಟ್ ಅನ್ನು, ಕೊಡುತ್ತದೆ. 10 ಗಂಟೆಗೆ ಹೊರಡಬೇಕಿದ್ದ ವಿಮಾನಕ್ಕೆ 10.25ರ ಸ್ಲಾಟ್ ಸಿಕ್ಕರೆ 25 ನಿಮಿಷದ ವಿಳಂಬ ದಾಖಲಾಗುತ್ತದೆ. ಆ ವೇಳೆಗಿಂತ ಐದು ನಿಮಿಷ ಮೊದಲು ಅಥವಾ ಹತ್ತು ನಿಮಿಷದ ಒಳಗೆ ವಿಮಾನ ನೆಲ ಬಿಡಬೇಕು. ಆಕಾಶದಲ್ಲಿ ಇಂಧನ ಸುಡುತ್ತ ಕಾಯುವುದಕ್ಕಿಂತ ನೆಲದ ಮೇಲೆ ಕಾಯುವುದು ಅಗ್ಗ ಮತ್ತು ಸುರಕ್ಷಿತ ಎಂಬುದು ಇದರ ಹಿಂದಿನ ತರ್ಕ, ಮತ್ತು ಅದು ಸರಿಯಾದ ತರ್ಕವೇ.

ಆದರೆ ದಾಖಲಾದ ಈ 25 ನಿಮಿಷ ಲೆಕ್ಕದ ವಿಳಂಬ, ಅನುಭವದ ವಿಳಂಬವಲ್ಲ. ಸಾಮಾನು ತುಂಬುವುದು ತಡವಾಗಿ ವಿಮಾನ ಹೇಗೂ 10.20ಕ್ಕೆ ಮುಂಚೆ ಹೊರಡುತ್ತಿರಲಿಲ್ಲವೆಂದಾದರೂ ಪೂರ್ತಿ 25 ನಿಮಿಷ ನಿಯಂತ್ರಣ ಕೇಂದ್ರದ ತಲೆಯ ಮೇಲೆ ಬೀಳಬಹುದು. ಕಂಪನಿಯು ಕಾಯಲೊಲ್ಲದೆ ಆ ಸೆಕ್ಟರನ್ನು ಬಳಸಿ ಬೇರೆ ದೇಶದ ಮೇಲಿಂದ ಹೋದರೆ ವಿಳಂಬ ಸೊನ್ನೆಯಾಗುತ್ತದೆ, ಹಾರಿದ ದೂರ ಮಾತ್ರ ಹೆಚ್ಚುತ್ತದೆ. ಇನ್ನು ಹರಿವು ತಗ್ಗಿಸಲು ಕಾರಣವೇನೆಂದು, ಅಂದರೆ ಹವಾಮಾನವೋ ಸಿಬ್ಬಂದಿ ಕೊರತೆಯೋ ಯಂತ್ರ ಕೆಟ್ಟದ್ದೋ ಮುಷ್ಕರವೋ ಎಂದು ಸಂಕೇತ ನಮೂದಿಸುವುದು ಹರಿವು ತಗ್ಗಿಸಲು ಕೋರಿದ ಅದೇ ಕೇಂದ್ರ. ಹವಾಮಾನದಿಂದಾದ ತಡಕ್ಕೆ ದಂಡದಿಂದ ವಿನಾಯಿತಿ ಕೊಡಲು ಯೋಜನೆಯಲ್ಲಿ ಅವಕಾಶವಿರುವುದರಿಂದ, ಅರೆಮೋಡದ ದಿನ ಮೂವರು ರಜೆಯಲ್ಲಿದ್ದಾಗ ಯಾವ ಸಂಕೇತ ಹಾಕಬೇಕೆಂಬುದು ಪರೀಕ್ಷೆ ಬರೆದವನೇ ಅಂಕ ಹಾಕಿಕೊಳ್ಳುವಷ್ಟು ಸೂಕ್ಷ್ಮವಾದ ಕೆಲಸವಾಗುತ್ತದೆ. ಎಲ್ಲರೂ ಮೋಸ ಮಾಡುತ್ತಾರೆಂದು ಇದರ ಅರ್ಥವಲ್ಲ. ಅಳತೆಯ ಕೋಲು ಅಳೆಸಿಕೊಳ್ಳುವವರ ಕೈಯಲ್ಲೇ ಇದ್ದರೆ ಆಮಿಷ ಸಹಜ ಎಂದಷ್ಟೇ. ದೇಶದೇಶಗಳ ಹೋಲಿಕೆಗೂ ಇದೇ ಎಚ್ಚರ ಬೇಕು. ಯೂರೋಪು ಪ್ರತಿ ನಿಮಿಷವನ್ನೂ ಎಣಿಸಿದರೆ, ಅಮೆರಿಕದ ಅಧಿಕೃತ ದಾಖಲೆ 15 ನಿಮಿಷ ಅಥವಾ ಅದಕ್ಕಿಂತ ಹೆಚ್ಚಿನ ತಡವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತದೆ. ಎರಡರ ಒಟ್ಟು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಅವಸರದ ಕೆಲಸ.

ನೇರ ದಾರಿ ಮತ್ತು ಅಗ್ಗದ ದಾರಿ

ಪರಿಸರದ ಅಳತೆಯಾಗಿ ಆರಿಸಿಕೊಂಡದ್ದು ಹೊಗೆಯನ್ನಲ್ಲ, ದೂರವನ್ನು. ಭೂಮಿಯ ಮೇಲಿನ ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರದ ರೇಖೆಗೆ ಮಹಾವೃತ್ತವೆಂದು ಹೆಸರು. ನಿಲ್ದಾಣದ ಸುತ್ತಲಿನ 40 ನಾಟಿಕಲ್ ಮೈಲಿಯ ವರ್ತುಲವನ್ನು ಬಿಟ್ಟು, ವಿಮಾನವು ನಿಜವಾಗಿ ಹಾರಿದ ದೂರ ಈ ರೇಖೆಗಿಂತ ಶೇಕಡಾ ಎಷ್ಟು ಹೆಚ್ಚೆಂದು ನೋಡುತ್ತಾರೆ. ಬೆಂಗಳೂರು–ದೆಹಲಿ ನಡುವಿನ ಮಹಾವೃತ್ತದ ದೂರ ಸುಮಾರು 1,700 ಕಿ.ಮೀ. ಆಗಿರುವುದರಿಂದ, ಅಷ್ಟು ದೂರದ ಹಾರಾಟದಲ್ಲಿ ಶೇ 3ರ ಬಳಸುದಾರಿ ಎಂದರೆ ಸುಮಾರು 50 ಕಿ.ಮೀ.; ಉರಿದ ಪ್ರತಿ ಕಿಲೊ ವಿಮಾನ ಇಂಧನದಿಂದ 3 ಕಿಲೊಗಿಂತ ಸ್ವಲ್ಪ ಹೆಚ್ಚೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆಂಬುದನ್ನು ನೆನೆದರೆ, ದಿನಕ್ಕೆ ಸಾವಿರಾರು ಹಾರಾಟಗಳ ಮೇಲೆ ಅದು ದೊಡ್ಡ ಮೊತ್ತವಾಗುತ್ತದೆ. ಯೂರೋಪು 2019ಕ್ಕೆ ಶೇ 2.6ರ ಗುರಿ ಇಟ್ಟುಕೊಂಡು ಅದನ್ನು ಮುಟ್ಟಲಾಗದೆ ಹೋಯಿತು.

ಇಲ್ಲಿಯೂ ಸೂಚಕ ಹೇಳುವುದು ಅರ್ಧ ಸತ್ಯ. ಹಿಂದಿನಿಂದ ಬಲವಾದ ಗಾಳಿ ಬೀಸುವ ಕಡೆಗೆ ಸ್ವಲ್ಪ ಸರಿದು ಹಾರಿದರೆ ದೂರ ಹೆಚ್ಚಿದರೂ ಇಂಧನ ಉಳಿಯುತ್ತದೆ. ಗುಡುಗು ಮೋಡವನ್ನು ಬಳಸಿ ಹೋಗುವುದು ವಿವೇಕ. ಸೇನೆಯ ಅಭ್ಯಾಸ ಪ್ರದೇಶವನ್ನು ಸುತ್ತಿ ಹೋಗುವುದು ನಿಯಂತ್ರಕನ ಆಯ್ಕೆಯೇ ಅಲ್ಲ. ಹಾಗಾಗಿ ಸೊನ್ನೆಯನ್ನು ಯಾರೂ ಬಯಸುವುದಿಲ್ಲ. ಇದಕ್ಕಿಂತ ಸೋಜಿಗದ ಸಂಗತಿ ಬೇರೊಂದಿದ್ದು, ಅದನ್ನು ತಿಳಿಯಲು ದುಡ್ಡಿನ ಲೆಕ್ಕಕ್ಕೆ ಬರಬೇಕು.

ಯೂರೋಪಿನ ಆಕಾಶದಲ್ಲಿ ಹಾರುವ ಪ್ರತಿ ವಿಮಾನವೂ ದಾಟಿದ ದೇಶಗಳಿಗೆಲ್ಲ ಶುಲ್ಕ ತೆರಬೇಕು. ಲೆಕ್ಕ ಸರಳ: ಆ ದೇಶದ ಮೇಲೆ ಕ್ರಮಿಸಿದ ದೂರವನ್ನು 100 ಕಿ.ಮೀ.ಗಳಲ್ಲಿ ಹೇಳಿ, ಅದನ್ನು ವಿಮಾನದ ಗರಿಷ್ಠ ತೂಕವನ್ನು 50 ಟನ್‌ಗಳಿಂದ ಭಾಗಿಸಿ ತೆಗೆದ ವರ್ಗಮೂಲದಿಂದ ಗುಣಿಸಿದರೆ ಸೇವಾ ಏಕಮಾನಗಳು ಸಿಗುತ್ತವೆ. ಅವನ್ನು ಆ ದೇಶದ ಏಕಮಾನ ದರದಿಂದ ಗುಣಿಸಿದರೆ ಬಿಲ್ ಸಿದ್ಧ. 50 ಟನ್ ತೂಗುವ ವಿಮಾನ 500 ಕಿ.ಮೀ. ಹಾರಿದರೆ ಐದು ಏಕಮಾನ, 200 ಟನ್ ತೂಗುವ ವಿಮಾನಕ್ಕೆ ಅದೇ ದೂರಕ್ಕೆ ಹತ್ತು. ನಾಲ್ಕು ಪಟ್ಟು ಭಾರಕ್ಕೆ ಎರಡೇ ಪಟ್ಟು ಶುಲ್ಕ ಬೀಳುವ ಈ ಸೂತ್ರದಲ್ಲಿ ಒಂದು ರಾಜಿ ಇದೆ: ನಿಯಂತ್ರಕನಿಗೆ ದೊಡ್ಡ ವಿಮಾನವೂ ಸಣ್ಣ ವಿಮಾನವೂ ಹೆಚ್ಚುಕಡಿಮೆ ಒಂದೇ ಕೆಲಸ, ಆದರೆ ತೆರುವ ಶಕ್ತಿ ದೊಡ್ಡದಕ್ಕೇ ಹೆಚ್ಚು. ದರ ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸವಾಗುತ್ತಿದ್ದುದರಿಂದ ದುಬಾರಿ ಆಕಾಶವನ್ನು ತಪ್ಪಿಸಿ ಅಗ್ಗದ ನೆರೆದೇಶದ ಮೇಲೆ ಬಳಸಿಕೊಂಡು ಹೋಗುವುದು ಕೆಲವೊಮ್ಮೆ ಕಂಪನಿಗಳಿಗೆ ಲಾಭದ ಮಾತಾಗುತ್ತಿತ್ತು. ಇಂಧನ ಹೆಚ್ಚು ಉರಿದು, ಪರಿಸರದ ಸೂಚಕ ಕೆಟ್ಟು, ಬಿಲ್ ಮಾತ್ರ ಕಡಿಮೆಯಾಗುತ್ತಿತ್ತು. ಸಾಲದ್ದಕ್ಕೆ 2019ರ ಕೊನೆಯವರೆಗೆ ಬಿಲ್ ಹಾಕುತ್ತಿದ್ದುದು ಕೊನೆಯದಾಗಿ ಸಲ್ಲಿಸಿದ ಹಾರಾಟ ಯೋಜನೆಯ ದೂರಕ್ಕೇ ಹೊರತು ನಿಜಕ್ಕೂ ಹಾರಿದ ದೂರಕ್ಕಲ್ಲ. 2020ರಿಂದ ನಿಜವಾದ ದಾರಿಯೇ ಆಧಾರವಾಯಿತು. ಬಳಸುದಾರಿಯ ಹೊಣೆಯನ್ನು ಬರೀ ನಿಯಂತ್ರಣ ಕೇಂದ್ರದ ಮೇಲೆ ಹೊರಿಸುವ ಅಳತೆಯು, ಆ ದಾರಿಯನ್ನು ಆರಿಸಿದ ಕಂಪನಿಯ ಲೆಕ್ಕಾಚಾರವನ್ನು ಮರೆತುಬಿಡುತ್ತದೆ.

ಶುಲ್ಕದ ಹಿಂದಿನ ನೀತಿ ಇನ್ನೂ ಮುಖ್ಯ. 2012ಕ್ಕೆ ಮೊದಲು ಸೇವಾದಾರರು ಪೂರ್ಣ ವೆಚ್ಚ ವಸೂಲಿಯ ಪದ್ಧತಿಯಲ್ಲಿದ್ದರು. ಖರ್ಚಾದಷ್ಟನ್ನೂ ವಿಮಾನ ಕಂಪನಿಗಳು ಹಂಚಿಕೊಂಡು ಕೊಡಬೇಕಿತ್ತು. ಸಂಚಾರ ಕುಸಿದ ವರ್ಷ ಅದೇ ಖರ್ಚು ಕಡಿಮೆ ವಿಮಾನಗಳ ಮೇಲೆ ಬಿದ್ದು ದರ ಏರುತ್ತಿತ್ತು, ಅಂದರೆ ಗಿರಾಕಿ ಕಷ್ಟದಲ್ಲಿದ್ದಾಗಲೇ ಬೆಲೆ ಹೆಚ್ಚುತ್ತಿತ್ತು. ಹೊಸ ಯೋಜನೆಯು ವೆಚ್ಚವನ್ನು ಕೆಲವು ವರ್ಷಗಳ ಒಂದೊಂದು ಅವಧಿಗೆ ಮೊದಲೇ ನಿಗದಿಪಡಿಸಿ, ಮಿಕ್ಕಿದ್ದು ಸೇವಾದಾರನಿಗೆ, ಮೀರಿದ್ದೂ ಅವನಿಗೇ ಎಂಬ ನಿಯಮ ತಂದಿತು. ಸಂಚಾರವು ಅಂದಾಜಿಗಿಂತ ಶೇ 2ರಷ್ಟು ಆಚೀಚೆಯಾದರೆ ಪರಿಣಾಮ ಪೂರ್ತಿ ಸೇವಾದಾರನದು. ಶೇ 2ರಿಂದ 10ರ ನಡುವಿನ ವ್ಯತ್ಯಾಸವನ್ನು ವಿಮಾನ ಕಂಪನಿಗಳು ಶೇ 70, ಸೇವಾದಾರ ಶೇ 30 ಎಂದು ಹಂಚಿಕೊಳ್ಳಬೇಕು. ಅದಕ್ಕೂ ಮೇಲಿನದು ಕಂಪನಿಗಳದೇ. 2011ರಲ್ಲಿ ಸರಾಸರಿ 59.97 ಯೂರೊ ಇದ್ದ ಏಕಮಾನ ದರವನ್ನು 2014ಕ್ಕೆ 53.92ಕ್ಕೆ ಇಳಿಸಬೇಕೆಂದು, 2009ರ ಬೆಲೆಮಟ್ಟದಲ್ಲಿ, ಮೊದಲ ಅವಧಿಯ ಗುರಿ ನಿಂತಿತು. ಕಾಗದದ ಮೇಲೆ ಇದು ನ್ಯಾಯವಾದ, ಜಾಣತನದ ವ್ಯವಸ್ಥೆ.

ಇದರ ಬೆಲೆ ತಿಳಿದದ್ದು ಎರಡನೆಯ ಅವಧಿಯ ಕೊನೆಗೆ. ಸಂಚಾರ ನಿಯಂತ್ರಣದ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ನಿಯಂತ್ರಕನೊಬ್ಬನನ್ನು ಆರಿಸಿ, ತರಬೇತಿ ಕೊಟ್ಟು, ಒಂದು ನಿರ್ದಿಷ್ಟ ಸೆಕ್ಟರ್‌ಗೆ ಪರವಾನಗಿ ಸಿಗುವ ಹೊತ್ತಿಗೆ ಹಲವು ವರ್ಷಗಳು ಹಿಡಿಯುತ್ತವೆ. ಇಂದು ನೇಮಕಾತಿ ನಿಲ್ಲಿಸಿದರೆ ಈ ವರ್ಷದ ವೆಚ್ಚದ ಸೂಚಕ ಚೆನ್ನಾಗಿ ಕಾಣುತ್ತದೆ, ಸಾಮರ್ಥ್ಯದ ಸೂಚಕ ಕೆಡುವುದು ಆಮೇಲೆ. ಸಂಚಾರ ಅಂದಾಜು ಮೀರಿ ಏರಿದ 2018ರಲ್ಲಿ ಮಾರ್ಗಮಧ್ಯದ ವಿಳಂಬವು ಅರ್ಧ ನಿಮಿಷದ ಗುರಿಯ ಮೂರು ಪಟ್ಟನ್ನು ದಾಟಿತು. ಜರ್ಮನಿಯ ಕಾರ್ಲ್ಸ್‌ರುಹೆ, ಫ್ರಾನ್ಸಿನ ಮಾರ್ಸೆ ಮುಂತಾದ ಬೆರಳೆಣಿಕೆಯ ಕೇಂದ್ರಗಳು ಅದರ ಬಹುಭಾಗಕ್ಕೆ ಕಾರಣವಾದವು, ಮತ್ತು ಕಾರಣಗಳ ಪಟ್ಟಿಯಲ್ಲಿ ಸಾಮರ್ಥ್ಯ ಮತ್ತು ಸಿಬ್ಬಂದಿಯ ಕೊರತೆಗಳು ಮೇಲಿದ್ದವು. ನಾಲ್ಕು ಗುರಿಗಳನ್ನು ಬೇರೆಬೇರೆಯಾಗಿ ಅಳೆದು, ಅವುಗಳಲ್ಲಿ ಹಣದ್ದನ್ನು ಮಾತ್ರ ಬಿಗಿಯಾಗಿ ಹಿಡಿದರೆ ಉಳಿದ ಮೂರು ಸಡಿಲವಾಗುತ್ತವೆಂಬುದು ಆ ದಶಕದ ಅನುಭವ. ಬಳಿಕ 2020ರಲ್ಲಿ ಕೋವಿಡ್ ಬಂದು ಸಂಚಾರ ಅರ್ಧಕ್ಕಿಂತ ಹೆಚ್ಚು ಕುಸಿದಾಗ ಗುರಿಗಳನ್ನೂ ಅಪಾಯ ಹಂಚಿಕೆಯ ನಿಯಮವನ್ನೂ ಮತ್ತೆ ಬರೆಯಬೇಕಾಯಿತು.

ಅಪಘಾತವಾಗದ ದಿನಗಳು

ನಾಲ್ಕರಲ್ಲಿ ಮೊದಲ ಹೆಸರು ಸುರಕ್ಷತೆಯದು. ಅಳೆಯಲು ಅತ್ಯಂತ ಕಠಿಣವಾದದ್ದೂ ಅದೇ. ಅಪಘಾತಗಳು ಎಷ್ಟು ಅಪರೂಪವೆಂದರೆ ಅವುಗಳ ಎಣಿಕೆಯಿಂದ ಒಂದು ಕೇಂದ್ರ ಇನ್ನೊಂದಕ್ಕಿಂತ ಸುರಕ್ಷಿತವೆಂದು ಹೇಳಲು ಬರುವುದಿಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗನ್ ಮೇಲೆ ರಷ್ಯಾದ ಪ್ರಯಾಣಿಕ ವಿಮಾನ ಮತ್ತು ಸರಕು ವಿಮಾನವೊಂದು ಡಿಕ್ಕಿಯಾಗಿ 71 ಜನ ಸತ್ತರು. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಜ್ಯೂರಿಕ್ ಕೇಂದ್ರದಲ್ಲಿ ಆ ಹೊತ್ತಿಗೆ ಒಬ್ಬನೇ ನಿಯಂತ್ರಕ ಎರಡು ಕಾರ್ಯಸ್ಥಾನಗಳನ್ನು ಸಂಭಾಳಿಸುತ್ತಿದ್ದ. ದುರಸ್ತಿಯ ಕಾರಣ ಡಿಕ್ಕಿಯ ಮುನ್ನೆಚ್ಚರಿಕೆ ಪರದೆಯ ಮೇಲೆ ಕಾಣುವಂತಿರಲಿಲ್ಲ. ಮುಖ್ಯ ಟೆಲಿಫೋನ್ ಸಂಪರ್ಕವೂ ಕಡಿದಿತ್ತು. ರಾತ್ರಿ ಸಂಚಾರ ಕಡಿಮೆಯಿದ್ದಾಗ ಒಬ್ಬ ವಿಶ್ರಾಂತಿಗೆ ಹೋಗುವುದು, ಇನ್ನೊಬ್ಬ ಒಂಟಿಯಾಗಿ ಕೆಲಸ ಮಾಡುವುದು ಆಡಳಿತಕ್ಕೆ ಗೊತ್ತಿದ್ದೂ ವರ್ಷಗಟ್ಟಲೆ ನಡೆದು ಬಂದಿತ್ತೆಂದು ಜರ್ಮನ್ ತನಿಖಾಧಿಕಾರಿಗಳು ಬರೆದರು. ಜೂನ್ 30ರಂದು ಆ ಕೇಂದ್ರದ ಅಪಘಾತಗಳನ್ನು ಎಣಿಸಿದ್ದರೆ ಸೊನ್ನೆ ಸಿಗುತ್ತಿತ್ತು.

ಆದುದರಿಂದ ಸುರಕ್ಷತೆಯಲ್ಲಿ ಫಲವನ್ನು ಬಿಟ್ಟು ಪರಿಸ್ಥಿತಿಯನ್ನು ಅಳೆಯುವ ಪದ್ಧತಿ ಬೆಳೆಯಿತು. ಮಾರ್ಗಮಧ್ಯದಲ್ಲಿ ಸಾಮಾನ್ಯವಾಗಿ ಇರಬೇಕಾದ ಐದು ನಾಟಿಕಲ್ ಮೈಲಿ ಅಥವಾ ಸಾವಿರ ಅಡಿಯ ಅಂತರ ಎಷ್ಟು ಸಲ ಮುರಿಯಿತು, ರನ್‌ವೇ ಮೇಲೆ ಇರಬಾರದ ವಾಹನ ಅಥವಾ ವಿಮಾನ ಎಷ್ಟು ಸಲ ಬಂತು, ಅಂಥ ಘಟನೆಯ ತೀವ್ರತೆಯನ್ನು ಎಲ್ಲರೂ ಒಂದೇ ವಿಧಾನದಿಂದ ತೂಗುತ್ತಾರೆಯೇ, ತಪ್ಪನ್ನು ವರದಿ ಮಾಡಿದವನಿಗೆ ಶಿಕ್ಷೆಯಾಗುವುದೇ ಎಂಬ ಪ್ರಶ್ನೆಗಳು ಮುಂದೆ ಬಂದವು. ಉದ್ದೇಶಪೂರ್ವಕವಲ್ಲದ ತಪ್ಪಿಗೆ ದಂಡನೆ ಬೇಡ, ಘೋರ ನಿರ್ಲಕ್ಷ್ಯಕ್ಕೆ ಕ್ಷಮೆ ಬೇಡ ಎಂಬ ನೀತಿಗೆ ಈ ವೃತ್ತಿಯಲ್ಲಿ ‘ಜಸ್ಟ್ ಕಲ್ಚರ್’ ಎನ್ನುತ್ತಾರೆ. ಇದರಲ್ಲಿ ಒಂದು ವಿಪರ್ಯಾಸವಿದೆ: ಘಟನೆಗಳ ವರದಿ ಒಂದು ವರ್ಷದಲ್ಲಿ ದುಪ್ಪಟ್ಟಾದರೆ ಸುರಕ್ಷತೆ ಹದಗೆಟ್ಟಿದೆಯೆಂದೂ ಆಗಬಹುದು, ಜನ ಹೆದರದೆ ಬಾಯಿಬಿಡಲು ಕಲಿತರೆಂದೂ ಆಗಬಹುದು. ಆ ಅಂಕಿಗೆ ಇಳಿಕೆಯ ಗುರಿ ಇಟ್ಟರೆ ಮೊದಲು ಇಳಿಯುವುದು ವರದಿಗಳು. ಮೊದಲ ಅವಧಿಯಲ್ಲಿ ಯೂರೋಪು ಸುರಕ್ಷತೆಗೆ ಗುರಿ ಹಾಕದೆ ಬರಿಯ ನಿಗಾ ಇಟ್ಟು ಸುಮ್ಮನಾದದ್ದು ಈ ದೃಷ್ಟಿಯಿಂದ ವಿವೇಕದ ನಿರ್ಧಾರವೇ ಆಗಿತ್ತು.

ಸರಾಸರಿಗಳ ಇನ್ನೊಂದು ಕುರುಡುತನವನ್ನು ಬ್ರಿಟನ್ 2023ರ ಆಗಸ್ಟ್ 28ರಂದು ಕಂಡಿತು. ಅಂದು ಅಲ್ಲಿನ ಸೇವಾದಾರ ಸಂಸ್ಥೆ ನ್ಯಾಟ್ಸ್‌ನ ಕಂಪ್ಯೂಟರ್‌ಗೆ ಬಂದ ಒಂದು ಹಾರಾಟ ಯೋಜನೆಯಲ್ಲಿ ಒಂದೇ ಸಂಕೇತದ ಎರಡು ಮಾರ್ಗಬಿಂದುಗಳಿದ್ದವು, ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ಡೋವಿಲ್. ವಿಮಾನ ಬ್ರಿಟನ್ನಿನ ಆಕಾಶದಿಂದ ಎಲ್ಲಿ ಹೊರಬೀಳುತ್ತದೆಂದು ತಿಳಿಯದೆ ಗೊಂದಲಗೊಂಡ ಯಂತ್ರ, ತಪ್ಪು ಮಾಹಿತಿ ನಿಯಂತ್ರಕರಿಗೆ ಹೋಗದಿರಲೆಂದು ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಬದಲಿ ಯಂತ್ರವೂ ಅದೇ ಯೋಜನೆಯನ್ನು ಓದಿ ಅದೇ ರೀತಿ ನಿಂತಿತು. ಎರಡಕ್ಕೂ ಹಿಡಿದದ್ದು 20 ಸೆಕೆಂಡು. ಯೋಜನೆಗಳನ್ನು ಕೈಯಿಂದ ನಮೂದಿಸಬೇಕಾಗಿ ಬಂದು, ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೊಳಗಾದರು. ಸುರಕ್ಷತೆಯ ದೃಷ್ಟಿಯಿಂದ ಯಂತ್ರ ಸರಿಯಾಗಿಯೇ ವರ್ತಿಸಿತ್ತು. ಇಡೀ ವರ್ಷದ ಸರಾಸರಿಯಲ್ಲಿ ಇಂಥ ಒಂದು ದಿನ ಕರಗಿಹೋಗುತ್ತದೆ. ಯೂರೋಪಿನ ಬಳಸುದಾರಿಯ ಸೂಚಕವಂತೂ ವರ್ಷದ ಅತಿ ಕೆಟ್ಟ ಹತ್ತು ದಿನಗಳನ್ನೂ ಅತಿ ಒಳ್ಳೆಯ ಹತ್ತು ದಿನಗಳನ್ನೂ ಲೆಕ್ಕದಿಂದ ಕೈಬಿಟ್ಟೇ ತಯಾರಾಗುತ್ತದೆ. ಸಾಮಾನ್ಯ ದಿನಗಳ ದಕ್ಷತೆಯನ್ನು ತಿಳಿಯಲು ಅದು ಸರಿ, ಆದರೆ ಪ್ರಯಾಣಿಕನ ನೆನಪಿನಲ್ಲಿ ಉಳಿಯುವುದು ಆ ಕೈಬಿಟ್ಟ ದಿನಗಳೇ.

ಭಾರತದ ಆಕಾಶ

ಭಾರತದಲ್ಲಿ ಈ ಸೇವೆ 1995ರ ಏಪ್ರಿಲ್ 1ರಂದು ಅಸ್ತಿತ್ವಕ್ಕೆ ಬಂದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿದೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ಹಾರಾಟ ಮಾಹಿತಿ ಪ್ರದೇಶಗಳು ಮತ್ತು ಗುವಾಹಟಿಯ ಉಪಪ್ರದೇಶ ಸೇರಿ, ಅಕ್ಕಪಕ್ಕದ ಸಮುದ್ರಗಳ ಮೇಲಿನ ಪಾಲನ್ನೂ ಒಳಗೊಂಡು ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿಯ ಆಕಾಶ ಅದರ ಹೊಣೆ. ಯೂರೋಪಿನ ಚದುರಿಕೆಯ ರೋಗ ನಮಗಿಲ್ಲ. ಇಷ್ಟು ದೊಡ್ಡ ಪ್ರದೇಶ ಒಂದೇ ಆಡಳಿತದಲ್ಲಿರುವುದು ಅಳತೆಯ ದೃಷ್ಟಿಯಿಂದ ವರವೇ ಸರಿ. ಇಲ್ಲಿನ ಸುರಕ್ಷತೆಯ ಇತಿಹಾಸಕ್ಕೂ ಒಂದು ಕಹಿ ತಿರುವಿದೆ: 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕ್ ವಿಮಾನಗಳು ಡಿಕ್ಕಿ ಹೊಡೆದು 349 ಜನ ಮಡಿದ ಮೇಲೆ, ಬರುವ ಮತ್ತು ಹೋಗುವ ವಿಮಾನಗಳ ದಾರಿಗಳನ್ನು ಬೇರ್ಪಡಿಸುವುದೂ ಡಿಕ್ಕಿ ತಪ್ಪಿಸುವ ಉಪಕರಣವನ್ನು ಕಡ್ಡಾಯ ಮಾಡುವುದೂ ಆದವು.

ಸಾಮರ್ಥ್ಯದ ವಿಷಯದಲ್ಲಿ ಇಲ್ಲಿನ ದೊಡ್ಡ ಸಂಗತಿ ಸೇನೆಯೊಂದಿಗೆ ಆಕಾಶವನ್ನು ಹಂಚಿಕೊಳ್ಳುವುದು. ನಾಗರಿಕ ವಿಮಾನಗಳಿಗೆ ಮುಕ್ತವಾಗಿ ದೊರೆಯುವುದು ದೇಶದ ಆಕಾಶದ ಶೇ 60 ಮಾತ್ರವೆಂದೂ, ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿಯುವುದೆಂದೂ 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ್ದರು. ಬೆಂಗಳೂರಿನವರಿಗೆ ಇದರ ಪ್ರತ್ಯಕ್ಷ ಪರಿಚಯವುಂಟು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ವಿಮಾನದ ಲೆಕ್ಕದಲ್ಲಿ ಕೂಗಳತೆಯ ದೂರದಲ್ಲಿ ಯಲಹಂಕದ ವಾಯುನೆಲೆ ಇದ್ದು, ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ನಾಗರಿಕ ವಿಮಾನಗಳ ವೇಳಾಪಟ್ಟಿಯನ್ನೇ ಸರಿಸಬೇಕಾಗುತ್ತದೆ. ಆ ದಿನಗಳ ತಡವನ್ನು ನಿಯಂತ್ರಕರ ಕಾರ್ಯಕ್ಷಮತೆಯ ಖಾತೆಗೆ ಹಾಕುವುದು ಅನ್ಯಾಯ. ಹಾಗೆಂದು ಯಾವ ಖಾತೆಗೂ ಹಾಕದೆ ಬಿಡುವುದು, ಆಕಾಶದ ಹಂಚಿಕೆಗೆ ಬೆಲೆಯೇ ಇಲ್ಲವೆಂದು ಒಪ್ಪಿಕೊಂಡ ಹಾಗೆ. ಅದೇ ನಗರದ ಕುಂದಲಹಳ್ಳಿಯಲ್ಲಿ ಇಸ್ರೊ ಮತ್ತು ಪ್ರಾಧಿಕಾರ ಜಂಟಿಯಾಗಿ ರೂಪಿಸಿದ, ವಿಮಾನಗಳಿಗೆ ದಾರಿ ತೋರುವ ಗಗನ್ ಉಪಗ್ರಹ ವ್ಯವಸ್ಥೆಯ ನಿಯಂತ್ರಣ ಕೇಂದ್ರವಿದೆ. ಅದು ಕಳಿಸುವ ಸಂಕೇತದ ನಿಖರತೆ, ವಿಶ್ವಾಸಾರ್ಹತೆ, ನಿರಂತರತೆ, ಲಭ್ಯತೆಗಳನ್ನು ಅಂತರರಾಷ್ಟ್ರೀಯ ಮಟ್ಟಗಳಿಗೆ ಒರೆಹಚ್ಚಿ ನೋಡಿದ ಮೇಲೆಯೇ 2013 ಮತ್ತು 2015ರಲ್ಲಿ ಅದಕ್ಕೆ ಪ್ರಮಾಣಪತ್ರ ಸಿಕ್ಕಿತು. ಯಂತ್ರಕ್ಕೆ ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇರುವಾಗ, ಆ ಯಂತ್ರವನ್ನು ಬಳಸಿ ಕೊಡುವ ಸೇವೆಗೂ ಅಂಥದೇ ಬಹಿರಂಗ ಪರೀಕ್ಷೆ ಇರಬೇಕೆನ್ನುವುದು ಅತಿಯಾದ ಬಯಕೆಯಲ್ಲ.

ಇಂದು ಭಾರತದ ಪತ್ರಿಕೆಗಳಲ್ಲಿ ಪ್ರತಿ ತಿಂಗಳೂ ಕಾಣಿಸಿಕೊಳ್ಳುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೊರಡಿಸುವ ಸಮಯಪಾಲನೆಯ ಅಂಕಿ. ಬೆಂಗಳೂರೂ ಸೇರಿದಂತೆ ಮಹಾನಗರಗಳ ನಿಲ್ದಾಣಗಳಲ್ಲಿ ಯಾವ ಕಂಪನಿಯ ಎಷ್ಟು ವಿಮಾನಗಳು ವೇಳೆಗೆ ಸರಿಯಾಗಿ ಸಂಚರಿಸಿದವೆಂದು ಅದು ಹೇಳುತ್ತದೆ. ವೇಳೆಗೆ ಸರಿ ಎಂದರೆ ಈ ಉದ್ಯಮದಲ್ಲಿ ನಿಗದಿತ ಸಮಯದಿಂದ 15 ನಿಮಿಷದೊಳಗೆ ಎಂದು ಅರ್ಥ. ಕಂಪನಿಗಳು ವೇಳಾಪಟ್ಟಿಯಲ್ಲೇ ಹತ್ತಿಪ್ಪತ್ತು ನಿಮಿಷ ಹೆಚ್ಚು ಬರೆದುಕೊಂಡರೆ ಆ ಅಂಕಿ ತಾನಾಗಿಯೇ ಏರುತ್ತದೆ, ದಾರಿಯ ದಕ್ಷತೆ ಎಳ್ಳಷ್ಟೂ ಏರದೆ. ಐಕಾವೊ ತನ್ನ ಜಾಗತಿಕ ಯೋಜನೆಯಲ್ಲಿ ಹಲವು ಸೂಚಕಗಳನ್ನು ಸೂಚಿಸಿದೆ: ಟ್ಯಾಕ್ಸಿವೇಯಲ್ಲಿ ಅನಗತ್ಯವಾಗಿ ಕಳೆದ ಸಮಯ, ನಿಲ್ದಾಣದ ಸುತ್ತಲಿನ ಆಕಾಶದಲ್ಲಿ ಸುತ್ತಿದ ಹೆಚ್ಚುವರಿ ನಿಮಿಷಗಳು, ಯೋಜಿಸಿದ ಮತ್ತು ಹಾರಿದ ಬಳಸುದಾರಿ, ಇಳಿಯುವಾಗ ನಡುವೆ ಸಮತಟ್ಟಾಗಿ ಹಾರಬೇಕಾಗಿ ಬಂದ ದೂರ ಮೊದಲಾದವು. ಇವುಗಳಲ್ಲಿ ಬಹುಪಾಲನ್ನು ಲೆಕ್ಕ ಹಾಕಲು ಬೇಕಾದ ರಾಡಾರ್ ಮತ್ತು ಹಾರಾಟ ಯೋಜನೆಯ ದತ್ತಾಂಶ ಯಾವ ನಿಯಂತ್ರಣ ಕೇಂದ್ರದಲ್ಲಾದರೂ ದಿನದಿನವೂ ಹುಟ್ಟುತ್ತಲೇ ಇರುತ್ತದೆ.

ಪ್ರಯಾಣಿಕರು ನೇರವಾಗಿ ಕೊಡದಿದ್ದರೂ, ಮಾರ್ಗ ಸೌಲಭ್ಯದ ಶುಲ್ಕವನ್ನು ವಿಮಾನ ಕಂಪನಿಗಳು ಪ್ರಾಧಿಕಾರಕ್ಕೆ ತೆರುತ್ತವೆ, ಅದು ಕೊನೆಗೆ ಟಿಕೆಟ್ಟಿನ ಬೆಲೆಯೊಳಗೆ ಸೇರುತ್ತದೆ. ನಾಲ್ಕು ಹಾರಾಟ ಮಾಹಿತಿ ಪ್ರದೇಶಗಳಿಗೂ ಪ್ರತ್ಯೇಕವಾಗಿ ಸುರಕ್ಷತೆ, ವಿಳಂಬ, ಬಳಸುದಾರಿ ಮತ್ತು ವೆಚ್ಚವನ್ನು ಒಂದೇ ಪುಸ್ತಕದಲ್ಲಿ ಜೊತೆಜೊತೆಗೆ ತೋರಿಸುವ, ಸೇವೆ ಕೊಡುವವರಿಂದ ಸ್ವತಂತ್ರವಾದ ಸಮಿತಿಯೊಂದು ಸಿದ್ಧಪಡಿಸುವ ವಾರ್ಷಿಕ ವರದಿಯನ್ನು ಕೇಳುವ ಹಕ್ಕು ಆ ಹಣದಿಂದಲೇ ಬರುತ್ತದೆ. ಗುರಿಗಳೂ ದಂಡಗಳೂ ಆಮೇಲೆ ಬರಲಿ. ಮೊದಲ ಕೆಲವು ವರ್ಷ ಬರೀ ಅಳೆದು ಪ್ರಕಟಿಸಿದರೆ ಸಾಕು. ಸಂಸತ್ತಿನಲ್ಲಿ ವಿಮಾನಗಳ ವಿಳಂಬದ ಮೇಲೆ ಪ್ರಶ್ನೆ ಕೇಳುವ ಸದಸ್ಯರು ಮುಂದಿನ ಸಲ ಕಂಪನಿಗಳ ಸಮಯಪಾಲನೆಯ ಜೊತೆಗೆ ಈ ವರದಿಯನ್ನೂ ಕೇಳಬೇಕು.